ಫೈಲಿನಲ್ಲಿ ‘ಹುತಾತ್ಮ’ ಎಂಬ ಪದವೇ ಇಲ್ಲ

2013ರ ಜನವರಿ. ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯ ಹತ್ತಿರ ಗಸ್ತಿಗೆ ಹೋಗಿದ್ದ ತಂಡದಲ್ಲಿ ನಾಯಕ್ ದರ್ಜೆಯ ಯೋಧರೊಬ್ಬರಿಗೆ ಉಸಿರು ಕಟ್ಟತೊಡಗಿತು. ಹವಾಮಾನ ಕೆಟ್ಟಿತ್ತು, ಹೆಲಿಕಾಪ್ಟರ್ ಬರುವಂತಿರಲಿಲ್ಲ. ಜೊತೆಗಿದ್ದವರು ಕಾಲ್ನಡಿಗೆಯಲ್ಲೇ ಅವರನ್ನು ಕೆಳಗೆ ತಂದರು. ಅವರು ಉಳಿಯಲಿಲ್ಲ. ಹೃದಯ ನಿಂತುಹೋಗಿತ್ತು.

ಸೇನೆಯ ಕಾಗದದಲ್ಲಿ ಮೊದಲು ಬರೆದದ್ದು ‘ಬ್ಯಾಟಲ್ ಕ್ಯಾಶುವಾಲ್ಟಿ’, ಅಂದರೆ ಕಾರ್ಯಾಚರಣೆಯಲ್ಲಾದ ಸಾವು ಅಂತ. ಆಮೇಲೆ ಅದನ್ನು ‘ಫಿಸಿಕಲ್ ಕ್ಯಾಶುವಾಲ್ಟಿ’ ಎಂದು ತಿದ್ದಿದರು. ಬದಲಾದದ್ದು ಒಂದೇ ಪದ. ಆದರೆ ಆ ಪದದಿಂದಾಗಿ ಅವರ ಹೆಂಡತಿಗೆ ಸಿಗಬೇಕಾದ ಪಿಂಚಣಿಯ ಜಾತಿಯೇ ಬದಲಾಯಿತು. ಆಕೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು, 2019ರಲ್ಲಿ ಗೆದ್ದರು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಡಿಸೆಂಬರ್ 3ರಂದು ಕೋರ್ಟ್ ಆ ಮೇಲ್ಮನವಿಯನ್ನು ವಜಾ ಮಾಡಿತು. ಇಂಥ ಹೆಣ್ಣುಮಗಳನ್ನು ಇಲ್ಲಿಯವರೆಗೆ ಎಳೆದು ತರಬಾರದಿತ್ತು ಎಂದು ಹೇಳಿ, ಸರ್ಕಾರಕ್ಕೆ 50 ಸಾವಿರ ರೂಪಾಯಿ ದಾವೆ ಖರ್ಚನ್ನೂ ಹಾಕಿತು. ಗಂಡ ಸತ್ತು ಹನ್ನೆರಡು ವರ್ಷ ತುಂಬಲು ಒಂದೆರಡು ತಿಂಗಳು ಬಾಕಿ ಇತ್ತು.

ಯೋಧನ ಪಾರ್ಥಿವ ಶರೀರ ಊರಿಗೆ ಬಂದ ದಿನ ನಾವು ಕೇಳುವ ಪ್ರಶ್ನೆ ಒಂದೇ. ಎಷ್ಟು ಪರಿಹಾರ ಕೊಟ್ಟರಂತೆ? ಪತ್ರಿಕೆ, ಟಿವಿಗಳಲ್ಲೂ ಅದೇ ತಲೆಬರಹ. ಆದರೆ ಕುಟುಂಬದ ಮುಂದಿನ ನಲವತ್ತು ವರ್ಷವನ್ನು ತೀರ್ಮಾನಿಸುವುದು ಆ ತಲೆಬರಹದ ಮೊತ್ತ ಅಲ್ಲ. ಸಾವಿನ ಅಥವಾ ಗಾಯದ ವರದಿಯಲ್ಲಿ ಯಾರೋ ಒಬ್ಬ ಅಧಿಕಾರಿ ಬರೆಯುವ ಒಂದು ಪದ, ಒಂದು ಅಕ್ಷರ. ಇನ್ನೊಂದು ವಿಷಯ ಗೊತ್ತಾ? ನಾವು ಬ್ಯಾನರ್ ಮೇಲೆ ಬರೆಯುವ ‘ಹುತಾತ್ಮ’ ಎಂಬ ಪದ ಆ ಕಾಗದಗಳಲ್ಲಿ ಎಲ್ಲೂ ಇರುವುದಿಲ್ಲ. ಸೇನೆಯ ನಿಯಮಗಳಲ್ಲಿ ಅಂಥದ್ದೊಂದು ಪದವೇ ಇಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ.

ಕಾಗದದಲ್ಲಿ ಇರುವುದು ಎ, ಬಿ, ಸಿ, ಡಿ, ಇ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರ ಈ ಐದು ವರ್ಗಗಳನ್ನು ವಿವರಿಸುತ್ತದೆ. ಸೇವೆಗೆ ಸಂಬಂಧವೇ ಇಲ್ಲದ ಸಾವು ಅಥವಾ ಕಾಯಿಲೆ ‘ಎ’. ಸೇವೆಯಿಂದ ಬಂದ, ಇಲ್ಲವೇ ಸೇವೆಯಿಂದ ಜಾಸ್ತಿಯಾದ ಕಾಯಿಲೆ ‘ಬಿ’. ಕರ್ತವ್ಯದಲ್ಲಿದ್ದಾಗ ಆದ ಅಪಘಾತ ‘ಸಿ’. ಭಯೋತ್ಪಾದಕರು, ಸಮಾಜಘಾತುಕರ ಹಿಂಸೆ ‘ಡಿ’. ಯುದ್ಧ, ಶತ್ರುಗಳ ದಾಳಿ, ಸರ್ಕಾರ ಅಧಿಸೂಚನೆ ಹೊರಡಿಸಿದ ಕಾರ್ಯಾಚರಣೆ ಇಂಥವು ‘ಇ’.

ಇದರ ಬೆಲೆ ಎಷ್ಟು ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಜವಾನನ ಮೂಲ ವೇತನ, ಮಿಲಿಟರಿ ಸರ್ವಿಸ್ ಪೇ ಎಲ್ಲ ಸೇರಿ 35 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ‘ಎ’ ಎಂದು ಬರೆದರೆ ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿ. ಮೊದಲ ಹತ್ತು ವರ್ಷ ಶೇ 50, ಆಮೇಲೆ ಶೇ 30. ಅಂದರೆ 17,500 ಇದ್ದದ್ದು 10,500ಕ್ಕೆ ಇಳಿಯುತ್ತದೆ. ‘ಬಿ’ ಅಥವಾ ‘ಸಿ’ ಎಂದರೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್, ಶೇ 60. ತಿಂಗಳಿಗೆ 21 ಸಾವಿರ. ‘ಡಿ’ ಅಥವಾ ‘ಇ’ ಎಂದರೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್. ಇಲ್ಲಿ ಕೊನೆಯ ಸಂಬಳವೇ ಪಿಂಚಣಿ, ಪೂರ್ತಿ 35 ಸಾವಿರ. ತುಟ್ಟಿಭತ್ಯೆ ಇದರ ಮೇಲೆ.

ಸ್ಪೆಷಲ್‌ಗೂ ಲಿಬರಲೈಸ್ಡ್‌ಗೂ ತಿಂಗಳಿಗೆ 14 ಸಾವಿರ ವ್ಯತ್ಯಾಸ. ಇಪ್ಪತ್ತೈದು ವರ್ಷದ ಹೆಣ್ಣುಮಗಳು ಇನ್ನು ನಲವತ್ತು ವರ್ಷ ಬದುಕಿದರೆ ತುಟ್ಟಿಭತ್ಯೆ ಬಿಟ್ಟೇ 67 ಲಕ್ಷ ದಾಟುತ್ತದೆ. ಮುಖ್ಯಮಂತ್ರಿಗಳು ಮನೆಗೆ ಬಂದು ಕೊಡುವ ಚೆಕ್‌ಗಿಂತ ಇದು ದೊಡ್ಡದು. ಆದರೆ ಇದರ ಫೋಟೊ ಯಾರೂ ತೆಗೆಯುವುದಿಲ್ಲ.

ಒಮ್ಮೆಲೇ ಕೊಡುವ ಪರಿಹಾರ ಧನ, ಅಂದರೆ ಎಕ್ಸ್‌ಗ್ರೇಷಿಯಾದಲ್ಲೂ ಇದೇ ಮೆಟ್ಟಿಲುಗಳಿವೆ. ಏಳನೇ ವೇತನ ಆಯೋಗದ ನಂತರ, 2016ರ ಜನವರಿ 1ರಿಂದ ಅನ್ವಯವಾಗುವಂತೆ ಕೇಂದ್ರದ ದರ ಹೀಗಿದೆ: ಕರ್ತವ್ಯದಲ್ಲಿ ಅಪಘಾತವಾಗಿಯೋ ಭಯೋತ್ಪಾದಕರ ಹಿಂಸೆಯಿಂದಲೋ ಸಾವಾದರೆ 25 ಲಕ್ಷ. ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಾದರೆ 35 ಲಕ್ಷ. ಗೊತ್ತುಮಾಡಿದ ಎತ್ತರದ ಪ್ರದೇಶ, ದುರ್ಗಮ ಗಡಿ ಠಾಣೆಗಳಲ್ಲಿ ಹಿಮಪಾತ, ವಿಪರೀತ ಹವೆಯಿಂದ ಸತ್ತರೂ 35 ಲಕ್ಷ. ಯುದ್ಧದಲ್ಲಿ 45 ಲಕ್ಷ. ಅಂದರೆ ಶತ್ರುವಿನ ಗುಂಡೇ ಬೀಳಬೇಕೆಂದಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವು ಯಾರೂ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19 ಸಾವಿರ ಅಡಿಗೂ ಎತ್ತರದ ಠಾಣೆಯಲ್ಲಿ ಆರು ದಿನ ಹಿಮದಡಿ ಇದ್ದು, ಜೀವಂತ ಹೊರಬಂದು, ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿ ಶತ್ರು ಅಂದರೆ ಹಿಮವೇ. ನಿಯಮ ಅದನ್ನು ಒಪ್ಪುತ್ತದೆ. ಹಾಗಿದ್ದರೆ ನಿಯಂತ್ರಣ ರೇಖೆಯ ಚಳಿಯಲ್ಲಿ ಗಸ್ತು ತಿರುಗುವಾಗ ಹೃದಯ ನಿಂತ ನಾಯಕ್ ವಿಚಾರದಲ್ಲಿ ಮಾತ್ರ ಯಾಕೆ ಅಷ್ಟು ಎಳೆದಾಡಿದರು? ಸುಪ್ರೀಂ ಕೋರ್ಟ್ ತೀರ್ಪಿನ ಹಿಂದೆ ಇರುವುದೂ ಇದೇ ಪ್ರಶ್ನೆ.

ಕೇಂದ್ರದ ಹಣ ಆಯಿತು. ಇನ್ನು ರಾಜ್ಯಗಳದ್ದು. ಇಲ್ಲಿ ಯಾವ ತರ್ಕವೂ ಇಲ್ಲ. ದೆಹಲಿ, ಪಂಜಾಬ್ ಒಂದು ಕೋಟಿ ಕೊಡುತ್ತವೆ. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಮಡಿದ ಮಂಗಳೂರಿನ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರ ಕುಟುಂಬಕ್ಕೆ ಕರ್ನಾಟಕ ಸರ್ಕಾರ ಪ್ರಕಟಿಸಿದ್ದು 50 ಲಕ್ಷ. ಒಂದೇ ಬಂಕರಿನಲ್ಲಿ ಒಟ್ಟಿಗೆ ಸತ್ತ ಇಬ್ಬರ ಮನೆಗೆ ಬರುವ ಹಣ ಅವರವರ ಊರು ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ನಿಂತಿದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನವರ ಕಥೆ ಇನ್ನೂ ಬೇರೆ. ಅವರು ಬರುವುದು ಗೃಹ ಸಚಿವಾಲಯದ ಕೆಳಗೆ, ಅವರ ನಿಯಮಪುಸ್ತಕವೇ ಬೇರೆ. ಪುಲ್ವಾಮಾದಲ್ಲಿ ಸತ್ತ 40 ಮಂದಿಯನ್ನು ಎಲ್ಲರೂ ‘ಸೈನಿಕರು’ ಎಂದೇ ಕರೆದೆವು. ಪಿಂಚಣಿ ಕಚೇರಿ ಹಾಗೆ ಕರೆಯುವುದಿಲ್ಲ.

ಸತ್ತವರ ಬಗ್ಗೆ ಇಷ್ಟಾದರೂ ಮಾತು ನಡೆಯುತ್ತದೆ. ಗಾಯಗೊಂಡು ಬದುಕಿದವರ ಬಗ್ಗೆ ಅದೂ ಇಲ್ಲ. ನನಗೆ ಕೇಳಿದರೆ ನಿಜವಾದ ಜಗಳ ಇರುವುದೇ ಇಲ್ಲಿ.

ಗಾಯವೋ ಕಾಯಿಲೆಯೋ ಆಗಿ ಸೇವೆ ಬಿಡುವ ಸೈನಿಕನನ್ನು ಮೆಡಿಕಲ್ ಬೋರ್ಡ್ ಮುಂದೆ ಕೂರಿಸುತ್ತಾರೆ. ಬೋರ್ಡ್ ಎರಡು ವಿಷಯ ಬರೆಯುತ್ತದೆ. ಅಂಗವೈಕಲ್ಯ ಶೇಕಡಾ ಎಷ್ಟು, ಅದಕ್ಕೆ ಸೇವೆ ಕಾರಣವೋ ಅಲ್ಲವೋ. ಎರಡನೆಯದಕ್ಕೆ ‘ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’ ಎಂದು ಬರೆದುಬಿಟ್ಟರೆ ಕಥೆ ಮುಗಿಯಿತು. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳನ್ನು ಜೋಡಿಸಿದರೆ ‘ನಾನಾ’ ಆಗುತ್ತದೆ. ನಾನಾ ಕಾರಣ ಕೊಟ್ಟು ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಕನ್ನಡದಲ್ಲೂ ಸಿಗುತ್ತಿರಲಿಲ್ಲ.

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ‘ನಾನಾ’ಕ್ಕೆ ಒಂದು ಕಡಿವಾಣ ಹಾಕಿತು. ಅದರ ಸಾರ ಸರಳ. ಸೇನೆಗೆ ಸೇರಿಸಿಕೊಳ್ಳುವಾಗ ನೀವೇ ತಪಾಸಣೆ ಮಾಡಿದ್ದೀರಿ, ಆರೋಗ್ಯವಂತ ಎಂದು ಬರೆದುಕೊಂಡಿದ್ದೀರಿ. ಆ ಕಾಗದದಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದಲೇ ಬಂದದ್ದು ಎಂದು ಮೊದಲು ಭಾವಿಸಬೇಕು. ಅಲ್ಲ ಎನ್ನುವುದಾದರೆ ಸಾಬೀತು ಮಾಡುವ ಹೊರೆ ನಿಮ್ಮದು, ಸೈನಿಕನದ್ದಲ್ಲ. ಇಷ್ಟಾದ ಮೇಲೂ ‘ಪೀಸ್ ಸ್ಟೇಷನ್‌ನಲ್ಲಿದ್ದಾಗ (ಸಂಘರ್ಷ ಇಲ್ಲದ ನೆಲೆಯಲ್ಲಿದ್ದಾಗ) ಬಿಪಿ ಬಂದಿದೆ, ಹಾಗಾಗಿ ಸೇವೆಗೆ ಸಂಬಂಧ ಇಲ್ಲ’ ಎಂಬ ಒಂದೇ ಸಾಲಿನ ಷರಾ ಬರೆಯುವುದು ನಿಂತಿರಲಿಲ್ಲ. ಅದೊಂದೇ ಕಾರಣ ಸಾಲದು ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಬೇಕಾಯಿತು. ಅದೇ ವರ್ಷದ ಜುಲೈನಲ್ಲಿ, ಅಂಗವೈಕಲ್ಯ ಪಿಂಚಣಿ ಕೊಡಿ ಎಂಬ ಆದೇಶಗಳ ವಿರುದ್ಧ ಕೇಂದ್ರ ಹಾಕಿದ್ದ ಸುಮಾರು 300 ಅರ್ಜಿಗಳನ್ನು ಆ ಕೋರ್ಟ್ ಒಟ್ಟಿಗೆ ವಜಾ ಮಾಡಿತು. ಮುನ್ನೂರು ಅರ್ಜಿ ಅಂದರೆ ಮುನ್ನೂರು ಮನೆ. ಪ್ರತಿಯೊಬ್ಬರೂ ಒಂದು ಸಲ ಗೆದ್ದವರೇ. ಗೆದ್ದ ಮೇಲೂ ಮತ್ತೆ ವಕೀಲರ ಫೀಸು ಕಟ್ಟಬೇಕಾದವರು.

ಹಣದ ಲೆಕ್ಕ ಇಲ್ಲೂ ವರ್ಗದ ಮೇಲೆಯೇ. ಶೇ 100 ಅಂಗವೈಕಲ್ಯಕ್ಕೆ ‘ಬಿ’, ‘ಸಿ’ ವರ್ಗದಲ್ಲಿ ಸಂಬಳದ ಶೇ 30ರಷ್ಟು ಡಿಸೆಬಿಲಿಟಿ ಎಲಿಮೆಂಟ್. ಯುದ್ಧದಂಥ ಸಂದರ್ಭದ ಗಾಯವಾದರೆ ವಾರ್ ಇಂಜುರಿ ಎಲಿಮೆಂಟ್, ಶೇ 60. ಆ ಗಾಯದಿಂದ ಅವಧಿಗೆ ಮೊದಲೇ ಸೇವೆಯಿಂದ ಹೊರಹೋಗಬೇಕಾಗಿ ಬಂದರೆ ಶೇ 100. ಅಂಗವೈಕಲ್ಯ ಕಡಿಮೆಯಾದಷ್ಟೂ ಇದೂ ಕಡಿಮೆ. ಆದರೆ ಇದರಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಒಬ್ಬ ಡಾಕ್ಟರ್ 30 ಎನ್ನಬಹುದು, ಇನ್ನೊಬ್ಬ 40 ಎನ್ನಬಹುದು. ಮಂಡಿ ಎಷ್ಟು ಶೇಕಡಾ ಹಾಳಾಗಿದೆ ಎಂದು ತಕ್ಕಡಿಯಲ್ಲಿ ತೂಗಲು ಆಗಲ್ಲ ಅಲ್ವಾ? ಅದಕ್ಕೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕೂ ಮೇಲಿನದನ್ನು 100 ಎಂದು ಎಣಿಸುತ್ತಾರೆ. ಮೊದಲು ಇದು ಗಾಯದಿಂದ ಸೇವೆ ಬಿಟ್ಟವರಿಗೆ ಮಾತ್ರ ಇತ್ತು. ಅದೇ ಗಾಯ ಇಟ್ಟುಕೊಂಡು, ನೋವು ನುಂಗಿ, ಸೇವಾವಧಿ ಪೂರ್ತಿ ಮಾಡಿ ನಿವೃತ್ತರಾದವರಿಗೆ ಇರಲಿಲ್ಲ. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಇದು ಸಲ್ಲುತ್ತದೆ ಎಂದಿತು.

ಸರ್ಕಾರದ ಕಡೆಗೂ ಒಂದು ವಾದ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಪ್ರಕಾರ 2015-16ರಿಂದ 2019-20ರ ನಡುವೆ ನಿವೃತ್ತರಾದ ಅಧಿಕಾರಿಗಳಲ್ಲಿ ವರ್ಷಕ್ಕೆ ಶೇ 36ರಿಂದ 40ರಷ್ಟು ಮಂದಿಗೆ ಅಂಗವೈಕಲ್ಯ ಪಿಂಚಣಿ ಮಂಜೂರಾಗಿದೆ. ಜವಾನರೂ ಸೇರಿದಂತೆ ಅಧಿಕಾರಿ ದರ್ಜೆಗಿಂತ ಕೆಳಗಿನವರಲ್ಲಿ ಶೇ 15ರಿಂದ 18. ಅಧಿಕಾರಿಗಳದ್ದರಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ಪಾಲು ಸಣ್ಣದಲ್ಲ. ಗುಂಡಿಗೆ ಎದೆಯೊಡ್ಡುವವರು ಜಾಸ್ತಿ ಜವಾನರು, ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಜಾಸ್ತಿ ಇರುವುದು ಅಧಿಕಾರಿಗಳಲ್ಲಿ ಅಂದರೆ ಎಲ್ಲೋ ಏನೋ ಸರಿಯಿಲ್ಲ. ಈ ಅನುಮಾನದ ಬೆನ್ನಲ್ಲೇ 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದವು. ಜೀವನಶೈಲಿಯ ಕಾಯಿಲೆಗಳ ವಿಚಾರದಲ್ಲಿ ಕೈ ಬಿಗಿಯಾಯಿತು. ಅಂಗವೈಕಲ್ಯವಿದ್ದೂ ಸೇವೆಯಲ್ಲಿ ಮುಂದುವರಿದವರಿಗೆ ಸಿಗುವ ಹಣಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೊಸ ಹೆಸರು ಬಂತು.

ದುರುಪಯೋಗ ತಡೆಯಬೇಕು, ಬೇಡ ಅನ್ನುವವರು ಯಾರು? ಆದರೆ ಜರಡಿ ಸಣ್ಣದಾದರೆ ಅದರಲ್ಲಿ ಮೊದಲು ಸಿಕ್ಕಿಬೀಳುವುದು ಯಾರು ಎಂಬುದೂ ಗೊತ್ತಿರುವ ವಿಷಯ. ಹಿರಿಯ ಅಧಿಕಾರಿಗೆ ನಿಯಮ ಓದಲು ಬರುತ್ತದೆ, ದೆಹಲಿಯಲ್ಲಿ ವಕೀಲರು ಗೊತ್ತಿರುತ್ತಾರೆ. ಹದಿನೇಳು ವರ್ಷ ಸೇವೆ ಮಾಡಿ ಊರಿಗೆ ಬಂದ ಹವಾಲ್ದಾರ್‌ಗೆ ಮೆಡಿಕಲ್ ಬೋರ್ಡ್‌ನ ಕಾಗದದಲ್ಲಿ ಏನು ಬರೆದಿದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆತ ತಕರಾರು ಎತ್ತಬೇಕೆಂದರೆ ಎಲ್ಲಿಗೆ ಹೋಗಬೇಕು? ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಬೆಂಗಳೂರಿನಲ್ಲಿ ಸ್ವಂತ ಪೀಠ ಇಲ್ಲ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಬೀದರಿನ ಹವಾಲ್ದಾರ್ ಕೊಚ್ಚಿಯ ಕಡೆ ಮುಖ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾನೆ. ಈ ಮೇಲ್ಮನವಿಗಳ ಹಾವಳಿ ಕಡಿಮೆ ಮಾಡಿ ಎಂದು ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೇ ಹೇಳಿತ್ತು. ಅದಾಗಿ ಹತ್ತು ವರ್ಷಕ್ಕೆ ಆ 300 ಅರ್ಜಿಗಳ ತೀರ್ಪು ಬಂದದ್ದು.

ರಜೆಯಲ್ಲಿದ್ದಾಗ ಆದ ಗಾಯದ ಬಗ್ಗೆಯೂ ಜನರಲ್ಲಿ ತುಂಬ ಗೊಂದಲ ಇದೆ. ಕ್ಯಾಶುಯಲ್ ರಜೆಯನ್ನು ಕರ್ತವ್ಯ ಎಂದೇ ಲೆಕ್ಕ ಹಾಕುತ್ತಾರೆ, ನಿಜ. ರಜೆಗೆಂದು ಊರಿಗೆ ಹೋಗುವಾಗ ರೈಲಿನಿಂದ ಇಳಿಯುತ್ತಾ ಬಿದ್ದು ಕೈ ಕಳೆದುಕೊಂಡ ಮದನ್ ಸಿಂಗ್ ಶೇಖಾವತ್ ಎಂಬ ಸೈನಿಕರಿಗೆ ಸುಪ್ರೀಂ ಕೋರ್ಟ್ 1999ರಲ್ಲಿ ಪಿಂಚಣಿ ಕೊಡಿಸಿತು. ಆದರೆ 2019ರಲ್ಲಿ ಧರಂಬೀರ್ ಸಿಂಗ್ ಎಂಬ ಇನ್ನೊಬ್ಬರ ಪ್ರಕರಣದಲ್ಲಿ, ರಜೆಯಲ್ಲಿದ್ದಾಗ ಆದ ರಸ್ತೆ ಅಪಘಾತಕ್ಕೂ ಸೈನಿಕ ಸೇವೆಗೂ ಸಂಬಂಧ ಇರಲೇಬೇಕು ಎಂದು ಪಿಂಚಣಿ ನಿರಾಕರಿಸಿತು. ಹೆಸರಿನಲ್ಲಿ ಒಂದಕ್ಷರದ ಹೆಚ್ಚುಕಡಿಮೆ, 2013ರ ಧರಮ್‌ವೀರ್ ಗೆದ್ದರು, 2019ರ ಧರಂಬೀರ್ ಸೋತರು. ವಕೀಲರೇ ಕೆಲವೊಮ್ಮೆ ಇವೆರಡನ್ನು ಕಲಸಿಬಿಟ್ಟಾರು.

ಹಣ ಯಾರ ಕೈಗೆ ಎಂಬ ಜಗಳ ಮನೆಯೊಳಗಿನದ್ದು. 2024ರ ಜುಲೈನಲ್ಲಿ ಮರಣೋತ್ತರವಾಗಿ ಕೀರ್ತಿ ಚಕ್ರ ಪಡೆದ ಅಧಿಕಾರಿಯೊಬ್ಬರ ತಂದೆ-ತಾಯಿ, ಎಲ್ಲವೂ ಸೊಸೆಗೇ ಹೋಗುವ ನಿಯಮ ಬದಲಾಗಲಿ ಎಂದು ಬಹಿರಂಗವಾಗಿ ಕೇಳಿದ್ದು ನೆನಪಿರಬಹುದು. ಮದುವೆಯಾಗಿದ್ದರೆ ಕುಟುಂಬ ಪಿಂಚಣಿ ಹೆಂಡತಿಗೆ. ಅದನ್ನು ಹಂಚಿ ಬರೆಯಲು ಸೈನಿಕನಿಗೆ ಅವಕಾಶ ಇಲ್ಲ. ವಿಮೆಯಂಥ ಹಣದಲ್ಲಾದರೆ ನಾಮಿನಿಗಳ ಪಾಲು ಹಾಕಬಹುದು. ಅಪ್ಪ-ಅಮ್ಮನ ಕಷ್ಟ ಸುಳ್ಳಲ್ಲ. ಆದರೆ ಈ ಚರ್ಚೆಯಲ್ಲಿ ಸೊಸೆಯನ್ನು ಆಡಿಕೊಂಡ ರೀತಿ ನನಗೆ ಹಿಡಿಸಲಿಲ್ಲ. ಶೌರ್ಯ ಪದಕದ ಭತ್ಯೆ ಮುಂದುವರಿಯಬೇಕಾದರೆ ವಿಧವೆ ಮರುಮದುವೆಯಾಗುವುದು ಗಂಡನ ತಮ್ಮನನ್ನೋ ಅಣ್ಣನನ್ನೋ ಆಗಿರಬೇಕು ಎಂಬ ಷರತ್ತು ನಮ್ಮ ಸರ್ಕಾರಿ ನಿಯಮದಲ್ಲಿತ್ತು. ಅದನ್ನು ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಮೊನ್ನೆ ಮೊನ್ನೆ.

ಈಗ ನಾಲ್ಕು ವರ್ಷಕ್ಕೆಂದು ಸೇನೆಗೆ ಸೇರುವ ಅಗ್ನಿವೀರರ ವಿಚಾರ. 2022ರ ಜೂನ್ 14ರಂದು ಪ್ರಕಟವಾದ ಈ ಯೋಜನೆಯಲ್ಲಿ ಮೇಲೆ ಹೇಳಿದ ಪಿಂಚಣಿಯ ಮೆಟ್ಟಿಲುಗಳೇ ಇಲ್ಲ. ಬದಲಿಗೆ ಇಡಿಗಂಟು. ಯಾವ ಕಾರಣಕ್ಕೆ ಸತ್ತರೂ 48 ಲಕ್ಷದ ವಿಮೆ, ಇದಕ್ಕೆ ಅಗ್ನಿವೀರ ಕಂತು ಕಟ್ಟಬೇಕಿಲ್ಲ. ಸಾವಿಗೆ ಸೇವೆ ಕಾರಣವಾದರೆ ಮೇಲೆ 44 ಲಕ್ಷ ಎಕ್ಸ್‌ಗ್ರೇಷಿಯಾ, ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ, ಸೇವೆಯ ಕೊನೆಗೆ ಕೊಡುವ ಇಡಿಗಂಟಾದ ಸೇವಾನಿಧಿಯ ಹಣ. ಗಾಯವಾದರೆ ಶೇ 100ಕ್ಕೆ 44 ಲಕ್ಷ, ಶೇ 75ಕ್ಕೆ 25 ಲಕ್ಷ, ಶೇ 50ಕ್ಕೆ 15 ಲಕ್ಷ.

2024ರ ಜನವರಿಯಲ್ಲಿ ನೆಲಬಾಂಬ್ ಸ್ಫೋಟದಲ್ಲಿ ಸತ್ತ ಅಗ್ನಿವೀರರೊಬ್ಬರ ಬಗ್ಗೆ ಅದೇ ವರ್ಷ ಲೋಕಸಭೆಯಲ್ಲಿ ರಾಹುಲ್ ಗಾಂಧಿ ಮತ್ತು ರಾಜನಾಥ್ ಸಿಂಗ್ ನಡುವೆ ಜಟಾಪಟಿ ಆಯಿತು. ಪರಿಹಾರವೇ ಸಿಕ್ಕಿಲ್ಲ ಎಂದರು ಒಬ್ಬರು, ಸುಳ್ಳು ಎಂದರು ಇನ್ನೊಬ್ಬರು. ಸೇನೆ ಲೆಕ್ಕ ಕೊಟ್ಟಿತು: 98.39 ಲಕ್ಷ ಈಗಾಗಲೇ ಕೊಟ್ಟಿದ್ದೇವೆ, ಪೊಲೀಸ್ ಪರಿಶೀಲನೆ ಮುಗಿದ ಮೇಲೆ ಸುಮಾರು 67 ಲಕ್ಷ ಕೊಡುತ್ತೇವೆ, ಒಟ್ಟು ಸುಮಾರು 1.65 ಕೋಟಿ. ಆಗ ವಾದ, ವಿಮೆಯ ಹಣ ಪರಿಹಾರ ಹೌದೋ ಅಲ್ಲವೋ ಎಂಬ ಕಡೆಗೆ ತಿರುಗಿತು. ಮೊತ್ತವಂತೂ ಸಣ್ಣದಲ್ಲ. ಆದರೆ ಇಬ್ಬರೂ ಜಗಳವಾಡಿದ್ದು ತಲೆಬರಹದ ಮೊತ್ತದ ಬಗ್ಗೆ. ರೆಗ್ಯುಲರ್ ಜವಾನನ ಮನೆಗೆ ತಿಂಗಳು ತಿಂಗಳು ಬರುವ, ತುಟ್ಟಿಭತ್ಯೆ ಏರಿದಾಗಲೆಲ್ಲ ತಾನೂ ಏರುವ, ವೇತನ ಆಯೋಗ ಬಂದಾಗ ಪರಿಷ್ಕರಣೆಯಾಗುವ ಆ ಪಿಂಚಣಿ ಇಲ್ಲಿ ಇಲ್ಲ. ಇಡಿಗಂಟು ಬಂದ ಮನೆಗೆ ಸಾಲ ಕೇಳುವವರೂ ಬರುತ್ತಾರೆ, ಸೈಟು ತೋರಿಸುವವರೂ ಬರುತ್ತಾರೆ. ಪಿಂಚಣಿಯನ್ನು ಹಾಗೆ ಯಾರೂ ಒಂದೇ ಸಲಕ್ಕೆ ಕಿತ್ತುಕೊಳ್ಳಲು ಆಗಲ್ಲ. ಕರ್ತವ್ಯದಲ್ಲಿ ಮಡಿದ ಅಗ್ನಿವೀರರ ಕುಟುಂಬಕ್ಕೂ ರೆಗ್ಯುಲರ್ ಸೈನಿಕರಂತೆಯೇ ಸೌಲಭ್ಯ ಕೊಡಿ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಶಿಫಾರಸು ಮಾಡಿದ್ದಕ್ಕೆ ಕಾರಣ ಇದೇ ಇರಬೇಕು.

ಅಗ್ನಿವೀರರಿಗಿಂತಲೂ ಮೊದಲೇ ಹೀಗೆ ಲೆಕ್ಕದಿಂದ ಹೊರಗೆ ಉಳಿದವರು ಕೆಡೆಟ್‌ಗಳು. ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ, ಐಎಂಎಯಂಥ ಅಕಾಡೆಮಿಗಳಲ್ಲಿ ತರಬೇತಿ ವೇಳೆ ಬೆನ್ನುಮೂಳೆ ಮುರಿದುಕೊಂಡು, ತಲೆಗೆ ಪೆಟ್ಟು ತಿಂದು ಮನೆಗೆ ಮರಳಿದ ಹುಡುಗರು 1985ರಿಂದೀಚೆಗೆ ಸುಮಾರು 500 ಮಂದಿ ಎಂದು 2025ರಲ್ಲಿ ಪತ್ರಿಕಾ ವರದಿ ಬಂತು. ಇನ್ನೂ ಅಧಿಕಾರಿ ಆಗಿರಲಿಲ್ಲ, ಹಾಗಾಗಿ ಮಾಜಿ ಸೈನಿಕರೂ ಅಲ್ಲ. ಪಿಂಚಣಿ ಇಲ್ಲ. ಅಂಗವೈಕಲ್ಯ ನೋಡಿ ತಿಂಗಳಿಗೆ ಹೆಚ್ಚೆಂದರೆ 40 ಸಾವಿರದವರೆಗೆ ಎಕ್ಸ್‌ಗ್ರೇಷಿಯಾ. ಕೆಲವರಿಗೆ ಔಷಧಿ, ನೋಡಿಕೊಳ್ಳುವವರ ಸಂಬಳಕ್ಕೇ ಅದು ಸಾಲುತ್ತಿರಲಿಲ್ಲ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆಗಸ್ಟ್‌ನಲ್ಲಿ ತಾನಾಗಿಯೇ ಇದನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳ ಕೊನೆಗೆ ರಕ್ಷಣಾ ಸಚಿವಾಲಯ ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಸೌಲಭ್ಯ ಕೊಟ್ಟಿತು. ನಲವತ್ತು ವರ್ಷ ಆಗದ ಕೆಲಸ ಒಂದು ತಿಂಗಳಲ್ಲಿ ಆಯಿತು!

ಮನೆಯಲ್ಲಿ ಯಾರಾದರೂ ಸೇನೆಯಲ್ಲಿದ್ದರೆ ಒಂದು ಮಾತು. ಗಾಯವಾದಾಗ ಇಂಜುರಿ ರಿಪೋರ್ಟ್, ಕೋರ್ಟ್ ಆಫ್ ಇನ್‌ಕ್ವೈರಿ ನಡೆದಿದ್ದರೆ ಅದರ ಪ್ರತಿ, ಮೆಡಿಕಲ್ ಬೋರ್ಡ್‌ನ ಪೂರ್ತಿ ಕಡತ ಇಷ್ಟನ್ನು ಆಗಲೇ ಕೇಳಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ರೆಕಾರ್ಡ್ ಆಫೀಸಿಗೆ ಅಲೆದರೆ ಸಿಗುವುದು ಕಷ್ಟ. ಪಿಂಚಣಿ ಆದೇಶ, ಅಂದರೆ ಪಿಪಿಒ ಕೈಗೆ ಬಂದಾಗ ಮೊತ್ತ ನೋಡುವ ಮೊದಲು ಅದು ಯಾವ ಬಗೆಯ ಪಿಂಚಣಿ ಎಂದು ನೋಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೂತಿರುವವರು ಸಾಮಾನ್ಯವಾಗಿ ಮಾಜಿ ಸೈನಿಕರೇ. ಅವರಿಗೆ ಈ ಅಕ್ಷರಗಳ ಮಹಿಮೆ ಗೊತ್ತು.

ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ, 2027ರ ಶುರುವಿಗೆ ಮುಗಿಯುತ್ತದೆ. ನಾಲ್ವರಲ್ಲಿ ಒಬ್ಬರಷ್ಟೇ ಸೇನೆಯಲ್ಲಿ ಉಳಿಯುತ್ತಾರೆ, ಉಳಿದವರು ಊರಿಗೆ. ಯೋಜನೆಯ ಷರತ್ತಿನ ಪ್ರಕಾರ ಅವರಿಗೆ ಮಾಜಿ ಸೈನಿಕರೆಂಬ ಸ್ಥಾನಮಾನ ಇಲ್ಲ, ಇಸಿಎಚ್‌ಎಸ್ ಇಲ್ಲ. ಹಿಮದಲ್ಲಿ ಮರಗಟ್ಟಿದ ಬೆರಳು, ಫಿರಂಗಿ ಸದ್ದಿಗೆ ಮಂದವಾದ ಕಿವಿ, ಭಾರ ಹೊತ್ತು ಸವೆದ ಮಂಡಿ ಇವೆಲ್ಲ ಬಿಡುಗಡೆಯ ದಿನದ ತಪಾಸಣೆಯಲ್ಲೇ ಕಾಣಿಸಬೇಕೆಂದಿಲ್ಲ. ಮೂವತ್ತೈದನೇ ವಯಸ್ಸಿಗೆ ಕಾಣಿಸಿಕೊಂಡಾಗ ಎ ಇಂದ ಇ ವರೆಗಿನ ಯಾವ ಅಕ್ಷರವನ್ನು ಬರೆಯುವುದು ಎಂದು ಕೇಳಲು ಅವರ ಹೆಸರಿನ ಫೈಲೇ ತೆರೆದಿರುವುದಿಲ್ಲ.